ಪಳಗಿದ ಕೈ

೫ ಮಾರ್ಚ್ ೧೯೬೧, ಭಾನುವಾರ

ಆಫೀಸಿನಲ್ಲಿ ಹೊಸ ವರ್ಷಕ್ಕೆ ಕೊಟ್ಟ ಈ ಡೈರಿಯಲ್ಲಿ ಇಷ್ಟು ದಿನ ಬಸ್ಸು ತಪ್ಪಿದ್ದು, ನೆಗಡಿ ಬಂದದ್ದು ಬಿಟ್ಟರೆ ಬೇರೇನೂ ಬರೆದಿರಲಿಲ್ಲ. ಇವತ್ತು ಬರೆಯದಿದ್ದರೆ ತಲೆ ಸಿಡಿದೀತು.

ಚೂಡಾಮಣಿಯ ಎಡ ಎದೆಯಲ್ಲಿ ಒಂದು ಗಂಟು. ಶಿವರಾತ್ರಿಗೆ ಮುಂಚೆಯೇ ಕೈಗೆ ಸಿಕ್ಕಿತ್ತಂತೆ. ಇಷ್ಟು ವರ್ಷ ಜೊತೆಗೆ ಬಾಳಿದ ಗಂಡನಿಗೆ ಮೊನ್ನೆ ಹೇಳಿದಳು. ಯಾಕೆ ಮುಚ್ಚಿಟ್ಟೆ ಎಂದರೆ, "ಹೇಗೆ ಹೇಳೋದು, ನಾಚಿಕೆ ಆಯ್ತು" ಎಂದಳು. ಡಾಕ್ಟರ್ ಶಂಭುಲಿಂಗಪ್ಪನವರು ಪರೀಕ್ಷೆ ಮಾಡಿ, ನನ್ನೊಬ್ಬನನ್ನೇ ಹೊರಗೆ ಕರೆದರು. "ಸೇತುರಾಮ್, ಇದನ್ನ ಇಟ್ಕೊಂಡು ಕೂರಬೇಡಿ. ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಡ್ತೀನಿ, ಆಪರೇಷನ್ ಮಾಡಿಸಿ ತೆಗೆಸಿಬಿಡಿ. ಈಗಲೇ ಆದ್ರೆ ಭಯ ಇಲ್ಲ" ಎಂದರು.

ಭಯ ಇಲ್ಲವಂತೆ! ನಮ್ಮ ಅಕ್ಕ ಕಾತ್ಯಾಯಿನಿಯ ವಿಷಯದಲ್ಲೂ ಇದೇ ಮಾತು ಹೇಳಿದ್ದರು. ಹೊಟ್ಟೆಯಲ್ಲಿ ಹುಣ್ಣು ಎಂದು ತಾನಾಗಿ ನಡೆದುಕೊಂಡು ಒಳಗೆ ಹೋದವಳನ್ನು ಹೊತ್ತುಕೊಂಡು ಹೊರಗೆ ತಂದರು. ಹೊರಗಿನ ಬೆಂಚಿನ ಮೇಲೆ ಅವಳ ಚಪ್ಪಲಿ ಕಾಯುತ್ತಾ ಕೂತಿದ್ದವನು ನಾನು. ಆ ಬೆಂಚಿನ ಮೇಲೆ ಇನ್ನೊಂದು ಸಲ ಕೂರುವ ಶಕ್ತಿ ನನಗಿಲ್ಲ.

ಚೂಡಾ ಶಾಂತವಾಗಿದ್ದಾಳೆ. "ಒಂದು ಸಲ ದೇವರನ್ನ ಕೇಳೋಣ ಕಣ್ರೀ. ಆಪರೇಷನ್ ಇಲ್ದೆ ವಾಸಿ ಆಗುತ್ತಾ ಅಂತ. ಬಲಕ್ಕೆ ಹೂ ಕೊಟ್ರೆ ಬೇಡ, ಎಡಕ್ಕೆ ಕೊಟ್ರೆ ಮರುದಿನವೇ ಹೋಗೋಣ" ಎಂದಳು. ಅವಳ ತವರಿನಲ್ಲಿ ಎಲ್ಲದಕ್ಕೂ ಹೀಗೇ. ದೇವರ ವಿಗ್ರಹದ ಎರಡೂ ಬದಿಗೆ ಹೂ ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ನನಗೆ ಅವಳನ್ನು ಕೊಡುವಾಗಲೂ ಹೂ ಬಲಕ್ಕೇ ಬಿದ್ದಿತ್ತಂತೆ. ದೇವರಿಗೂ ಒಮ್ಮೊಮ್ಮೆ ಕಣ್ಣು ತಪ್ಪುತ್ತದೆ. ಆದರೆ ಆ ಊರಿನ ಅರ್ಚಕರು ತೀರಿಕೊಂಡ ಮೇಲೆ ಪದ್ಧತಿ ನಿಂತುಹೋಗಿದೆ. ನಮ್ಮ ಜಯನಗರದ ಈ ಮೂಲೆಯಲ್ಲಿ ಗುಡಿಗೆ ಗೋಡೆ ಎದ್ದಿದೆ, ದೇವರು ಇನ್ನೂ ಬಂದಿಲ್ಲ.

೧೨ ಮಾರ್ಚ್, ಭಾನುವಾರ

ಕಾರ್ಖಾನೆಯ ಕ್ಲಬ್ಬಿಗೆ ಹೊಸ ಡಾರ್ಟ್ಸ್ ಹಲಗೆ ಬಂತೆಂದು ಹಳೆಯದನ್ನು ಸೌದೆಗೆ ಹಾಕುವುದರಲ್ಲಿದ್ದರು. ನಾನು ಎತ್ತಿಕೊಂಡು ಬಂದೆ. ಗುಂಡನೆಯ ಮರದ ಹಲಗೆ, ಸುತ್ತಲೂ ಅಂಕಿಗಳ ಮನೆಗಳು. ದೂರದಲ್ಲಿ ನಿಂತು ಪುಕ್ಕ ಸಿಕ್ಕಿಸಿದ ಸಣ್ಣ ಬಾಣಗಳನ್ನು ಎಸೆಯಬೇಕು. ಕ್ಲಬ್ಬಿನಲ್ಲಿ ನಾನು ಎಸೆಯಲು ನಿಂತರೆ ಕೇರಂ ಆಡುವವರು ಹಲಗೆ ಸಮೇತ ಎದ್ದು ಹೋಗುತ್ತಿದ್ದರು. ಮನೆಯಲ್ಲಾದರೆ ನಗುವವರಿಲ್ಲ, ಮನಸ್ಸಿಗೂ ಏನಾದರೂ ಬೇಕು.

ಈ ಹಲಗೆ ಒಣಗಿದ್ದರೆ ಬಾಣ ಕಚ್ಚುವುದಿಲ್ಲ, ರಾತ್ರಿಯೆಲ್ಲ ನೀರಿನಲ್ಲಿರಬೇಕು. ಚೂಡಾ ಅದನ್ನು ಉದ್ದಿನಬೇಳೆಯ ಪಾತ್ರೆಯ ಪಕ್ಕದಲ್ಲೇ ನೆನೆಹಾಕಿ, "ಬೆಳಿಗ್ಗೆ ಎರಡನ್ನೂ ಸೇರಿಸಿ ರುಬ್ಬಿಬಿಡ್ಲಾ?" ಎಂದಳು. ಇವತ್ತು ಹಿಂದಿನ ವರಾಂಡದಲ್ಲಿ ತೂಗುಹಾಕಿದೆ. ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದವಳು, "ಏನೂಂದ್ರೆ, ದೇವರು ಎಲ್ಲಾ ಕಡೆ ಇರ್ತಾನಲ್ಲ, ಇದರಲ್ಲೇ ಕೇಳಿಬಿಡಿ" ಎಂದಳು.

"ದೇವರ ಬಲವೋ ನಮ್ಮ ಬಲವೋ?"

"ಹಲಗೆಗೆ ಮುಖ ಎಲ್ಲಿದೆ? ನಮ್ಮ ಬಲವೇ ಬಲ."

"ನಿನ್ನ ಮೈ, ನಿನ್ನ ಪ್ರಶ್ನೆ. ನೀನೇ ಎಸಿ."

"ಚೆನ್ನಾಯ್ತು. ಯಜಮಾನರು ಇರೋವಾಗ ಹೆಂಗಸು ಹೂ ಕೇಳೋದುಂಟೇ?"

ನಾನು ಮೂಢನಂಬಿಕೆಯ ಮನುಷ್ಯನಲ್ಲ. ಆದರೂ ಕೈಕಾಲು ತೊಳೆದು ಬಂದು ನಿಂತೆ. ಮೊದಲ ಬಾಣ ಹಲಗೆಯನ್ನೇ ಬಿಟ್ಟು ಗೋಡೆಯ ಗಾರೆ ಕಿತ್ತಿತು. "ದೇವರು ಪಕ್ಕದ ಮನೇಲಿದಾನೆ" ಎಂದು ಚೂಡಾ ನಕ್ಕಳು. ಎರಡನೆಯದು ಎಡಗಡೆಯ ಹನ್ನೊಂದರ ಮನೆಯಲ್ಲಿ ನಾಟಿತು. ಅವಳು ಸೆರಗು ಸರಿಮಾಡಿಕೊಂಡು, "ಹಾಗಾದ್ರೆ ಹೋಗೋಣ" ಎಂದಳು.

ನನಗೆ ಬೆವರು ಬಂತು. ಆಗ ಹೊಳೆಯಿತು. ಅರ್ಚಕರು ಹೂವಿಡಲು ವರ್ಷಗಟ್ಟಲೆ ಕಲಿತಿರುತ್ತಾರೆ. ಪಳಗದ ಕೈಯಿಂದ ಎಸೆದರೆ ಅದು ದೇವರ ಮಾತು ಹೇಗಾಗುತ್ತದೆ? ಅದು ಬರೀ ಕೈ ತಪ್ಪು. "ಮೊದಲು ಸರಿಯಾಗಿ ಎಸೆಯೋದು ಕಲೀತೀನಿ. ಆಮೇಲೆ ಬಂದ ಉತ್ತರವೇ ಉತ್ತರ" ಎಂದೆ. ಅವಳು ನನ್ನ ಮುಖ ನೋಡಿ, "ಆಗಲಿ" ಎಂದಳು. ಈಗ ಎದೆ ಸ್ವಲ್ಪ ಹಗುರಾಗಿದೆ.

೨೦ ಮಾರ್ಚ್, ಸೋಮವಾರ

ಡ್ರಾಯಿಂಗ್ ಆಫೀಸಿನ ರಾಮಪ್ರಸಾದ ಇಂಗ್ಲೆಂಡಿಗೆ ತರಬೇತಿಗೆ ಹೋಗಿ ಬಂದವನು. ಅಲ್ಲಿನ ಮಳೆಯ ಸುದ್ದಿ ಹೇಳದೆ ಇಲ್ಲಿ ಕೊಡೆ ಬಿಚ್ಚುವವನಲ್ಲ. ಆದರೆ ಡಾರ್ಟ್ಸ್ ಬಲ್ಲ. ಜಂಬ ನುಂಗಿಕೊಂಡು ಅವನ ಹತ್ತಿರ ಪಾಠಕ್ಕೆ ನಿಂತೆ.

"ಭುಜದಿಂದ ಎಸೀತೀರಲ್ರೀ, ಕಲ್ಲು ಹೊಡೆದು ಮಾವಿನಕಾಯಿ ಉದುರಿಸ್ತಾ ಇದ್ದೀರಾ? ಬರೀ ಮೊಣಕೈ ಆಡಲಿ. ಡಾರ್ಟ್ ಬಿಟ್ಟ ಮೇಲೂ ಕೈ ಗುರಿ ಕಡೆಗೇ ಚಾಚಿರಬೇಕು. ಡಾರ್ಟನ್ನ ನೋಡಬೇಡಿ, ಬೀಳಬೇಕಾದ ಜಾಗ ನೋಡಿ. ಯಾವುದಾದ್ರೂ ಒಂದೇ ನಂಬರ್ ಹಿಡಿದು ಅಲ್ಲಿಗೇ ಎಸೀತಾ ಇರಿ, ಉಳಿದದ್ದು ತಾನಾಗಿ ಬರುತ್ತೆ."

ನಾನು ಆರನ್ನು ಹಿಡಿದುಕೊಂಡಿದ್ದೇನೆ. ಬಲಗಡೆ ನಟ್ಟ ನಡುವೆ, ಕಣ್ಣಿನ ಮಟ್ಟಕ್ಕೆ ಇದೆ. ನನ್ನ ಎತ್ತರಕ್ಕೆ ಅದೇ ಅನುಕೂಲ.

೯ ಏಪ್ರಿಲ್, ಭಾನುವಾರ

ಬೆರಳು ಬಿಗಿಯಾಗುವುದೇ ನನ್ನ ರೋಗ ಎಂದು ರಾಮಪ್ರಸಾದ ಗೊಣಗುತ್ತಾನೆ. ಅವನ ಬಾಯಲ್ಲಿ ತಿಳಿಯದ್ದನ್ನು ಚೂಡಾ ಒಂದೇ ಮಾತಿನಲ್ಲಿ ತಿಳಿಸಿದಳು: "ರಂಗೋಲಿ ಪುಡಿ ಹಿಡಿದ ಹಾಗೆ ಹಿಡೀರಿ. ಬಿಗಿ ಹಿಡಿದ್ರೆ ಎಳೆ ಬರಲ್ಲ." ನನ್ನ ಬೆರಳುಗಳನ್ನು ತಾನೇ ಹಿಡಿದು ತೋರಿಸಿದಳು. ಅಂದಿನಿಂದ ಬಾಣ ಗೋಡೆ ಬಿಟ್ಟು ಹಲಗೆ ಸೇರಿದೆ.

ಇವತ್ತು ಮತ್ತೆ ಕೇಳಿದೆವು. ಮೊದಲನೆಯದು ಬಲಕ್ಕೆ, ಎರಡನೆಯದು ಎಡಕ್ಕೆ, ಮೂರನೆಯದು ಬಲಕ್ಕೆ. ನಾನು ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅದನ್ನು ಎಸೆಯುವಾಗ ಬೀದಿಯಲ್ಲಿ ಯಾರೋ ಕೂಗಿದ್ದರು.

ಹಾಲು ತಂದ ಮುನಿಲಕ್ಷ್ಮಮ್ಮ ಇದನ್ನೆಲ್ಲ ನೋಡುತ್ತಾ ನಿಂತಿದ್ದಳು. ಈ ಮನೆಯ ಒಡತಿ ಅವಳೇ. ಯಡಿಯೂರಿನವರು, ನಮ್ಮ ವರಾಂಡ ಇರುವ ಕಡೆ ಅವರ ರಾಗಿ ಕಣವಿತ್ತಂತೆ. ಒಡತಿಯಾದ್ದರಿಂದ ಬಾಯಿಗೆ ಬೀಗವಿಲ್ಲ. "ಹೂ ಕೇಳಾದು ಹೆಣ್ಣು ಕೊಡಕ್ಕೆ, ಬಾವಿ ತೋಡ್ಸಕ್ಕೆ ಕಣ್ ಸ್ವಾಮಿ. ಮೈಯಾಗಿನ ಗಂಟಿಗೆ ಯಾರಾನ ಕೇಳ್ತಾರಾ? ನಮ್ ಬೈರಮ್ಮಂಗೂ ಇಂಗೇ ಆಗಿತ್ತು. ಕೊಯ್ಸಾಕಿದ್ವಿ. ಈಗ ಹೊಲ್ದಾಗೆ ಕಳೆ ಕೀಳ್ತಾ ಅವ್ಳೆ" ಎಂದಳು. ಬೈರಮ್ಮನದು ಯಾವ ಗಂಟೋ ಯಾರಿಗೆ ಗೊತ್ತು. ಹಾಲಿಗೆ ನೀರು ಬೆರೆಸುವವರ ವೈದ್ಯ ನನಗೆ ಬೇಕಿಲ್ಲ.

೧೮ ಜೂನ್, ಭಾನುವಾರ

ಮೋಡದ ದಿನ ಹಲಗೆ ನೀರು ಕುಡಿದಷ್ಟೂ ಚೆನ್ನ, ಬಾಣ ಕಚ್ಚಿದರೆ ಬಿಡುವುದಿಲ್ಲ. ಬೆಳಿಗ್ಗೆ ಸ್ನಾನದ ಮುಂಚೆ, ಸಂಜೆ ಕಾಫಿಯ ನಂತರ ಎಸೆಯುತ್ತೇನೆ. ಮುಂಗಾಲಿನ ಮೇಲೆ ಭಾರ, ಮೊಣಕೈ ನಿಶ್ಚಲ, ಉಸಿರು ಅರ್ಧ ಬಿಟ್ಟು ಹಿಡಿಯುವುದು. ಅಡ್ಡಬಾಗಿಲ ಹೊಸಿಲಿನಿಂದ ಎಸೆಯುವುದು ಅಭ್ಯಾಸವಾಗಿದೆ.

ಈಗ ಭಾನುವಾರ ಭಾನುವಾರ ಕೇಳುತ್ತೇನೆ. ಕಳೆದ ಮೂರು ವಾರವೂ ಬಲಕ್ಕೇ! ನಾನು ಅಂದದ್ದು ಸುಳ್ಳಾಗಲಿಲ್ಲ. ಕೈ ಪಳಗುತ್ತಿದ್ದ ಹಾಗೆ ಉತ್ತರವೂ ಸ್ಪಷ್ಟವಾಗುತ್ತಿದೆ. ಚೂಡಾ ಪ್ರತಿ ಸಲವೂ ಹಲಗೆಗೆ ಕೈಮುಗಿದು ಒಳಗೆ ಹೋಗುತ್ತಾಳೆ. ಗಂಟು ದೊಡ್ಡದಾಗಿದೆಯೇ ಎಂದು ಕೇಳಿದರೆ, "ಇದೆ, ಇದ್ದ ಹಾಗೇ ಇದೆ" ಎನ್ನುತ್ತಾಳೆ.

ಬೀದಿಯಲ್ಲಿ ಡಾಕ್ಟರು ಎದುರಾದರು. "ಹೋದ್ರಾ ಆಸ್ಪತ್ರೆಗೆ?" ಎಂದರು. "ಮುಂದಿನ ವಾರ ಸಾರ್" ಎಂದೆ. ಇನ್ನು ಆ ರಸ್ತೆಯಲ್ಲಿ ಬರುವುದು ಬೇಡ, ಕೆರೆಯ ಕಡೆಯ ದಾರಿ ಏನೂ ದೂರವಲ್ಲ.

೨೫ ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ. ಕಳಶ ಎತ್ತಿಡಲು ಚೂಡಾಳ ಎಡಗೈ ಮೇಲೇಳಲಿಲ್ಲ, ನನ್ನನ್ನು ಕೂಗಿದಳು. ಎಸೆತದ ಮಧ್ಯೆ ಕೂಗಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. ಆರರ ಮನೆಗೆ ಬಿಟ್ಟ ಬಾಣ ಪಕ್ಕದ ಹತ್ತಕ್ಕೆ ಜಾರಿತು. ಹತ್ತೂ ಬಲಗಡೆಯದೇ, ಚಿಂತೆಯಿಲ್ಲ.

೧೮ ಅಕ್ಟೋಬರ್, ಆಯುಧಪೂಜೆ

ಈಳಿಗೆಮಣೆ, ಕತ್ತರಿ, ನನ್ನ ಪೆನ್ನುಗಳ ಜೊತೆಗೆ ಬಾಣಗಳನ್ನೂ ದೇವರ ಮುಂದಿಟ್ಟೆ. ಚೂಡಾ ಗೋಡೆಗೆ ಒರಗಿ ಕೂತಲ್ಲಿಂದಲೇ, "ಸೀಮೆಕೋಳಿ ಪುಕ್ಕ ಕಣ್ರೀ ಅದು, ಮೈಲಿಗೆ" ಎಂದಳು. "ನವಿಲುಗರಿ ಮುಡಿದ ದೇವರಿಗೆ ಸೀಮೆಕೋಳಿ ಹೆಚ್ಚಾ?" ಎಂದೆ. ಹಿಂದೆಯಾಗಿದ್ದರೆ ಇದಕ್ಕೊಂದು ಜವಾಬು ಬರುತ್ತಿತ್ತು. ಕುಂಕುಮ ನಾನೇ ಇಟ್ಟೆ. ಹೋಳಿಗೆ ಇಲ್ಲ, ಹೋಟೆಲಿನಿಂದ ಜಹಾಂಗೀರು ತಂದೆ.

ಪೂಜೆಯಾದ ಮೇಲೆ ಕೇಳಿದೆ. ಮೂರು ಬಾಣ, ಮೂರೂ ಆರರಲ್ಲಿ, ಒಂದರ ಪುಕ್ಕ ಇನ್ನೊಂದಕ್ಕೆ ತಾಗುವಷ್ಟು ಹತ್ತಿರ. ದೇವರು ಇದಕ್ಕಿಂತ ಗಟ್ಟಿಯಾಗಿ ಹೇಗೆ ಹೇಳಬೇಕು? ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಒಳಗೆ ಓಡಿಹೋಗಿ ಹೇಳಿದೆ. ಅವಳು, "ನಿಮಗೆ ಸಮಾಧಾನ ಆಯ್ತಲ್ಲ" ಎಂದಳು.

೧೨ ನವೆಂಬರ್, ಭಾನುವಾರ

ಬಲಕ್ಕೆ. ಬಟ್ಟೆ ಒಣಹಾಕಲು ಮುನಿಲಕ್ಷ್ಮಮ್ಮನೇ ಬರುತ್ತಾಳೆ, ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮನೆಯೆಲ್ಲ ಊದಿನಕಡ್ಡಿಯ ಹೊಗೆ. ಇಷ್ಟು ಯಾಕೆ ಹಚ್ಚುತ್ತೀಯ ಎಂದರೆ ಚೂಡಾ ಮುಖ ತಿರುಗಿಸಿದಳು.

೨೦ ಜನವರಿ ೧೯೬೨, ಶನಿವಾರ

ಕಾರ್ಖಾನೆಯ ವಾರ್ಷಿಕೋತ್ಸವದ ಡಾರ್ಟ್ಸ್ ಪಂದ್ಯದಲ್ಲಿ ಗೆದ್ದೆ! ಕಡೆಯ ಸುತ್ತಿನಲ್ಲಿ ಎದುರಿಗಿದ್ದವನು ರಾಮಪ್ರಸಾದ. ಗುರುವಿಗೇ ತಿರುಮಂತ್ರ. ಮುಗಿಸಲು ಎಡಗಡೆಯ ಎಂಟರ ಹೊರ ಉಂಗುರ ಬೇಕಿತ್ತು, ಕಿರುಬೆರಳಿನ ಅಗಲದ ಜಾಗ. ನಾನು ಎಂದೂ ಅಭ್ಯಾಸ ಮಾಡದ ಮನೆ. ನೋಡಿದೆ, ಎಸೆದೆ, ಬಿತ್ತು. ಜನ ಮೇಜು ಗುದ್ದಿದರು.

ರಾಮಪ್ರಸಾದ ಕೈಕುಲುಕಿ, ಎಲ್ಲರಿಗೂ ಕೇಳುವ ಹಾಗೆ, "ಇನ್ನು ಇವರ ಜೊತೆ ಆಡಿ ಪ್ರಯೋಜನ ಇಲ್ಲಪ್ಪ. ಈ ಮನುಷ್ಯ ಎಲ್ಲಿ ಬೀಳಲಿ ಅಂತಾನೋ ಅಲ್ಲೇ ಬೀಳುತ್ತೆ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಆದರೂ ಅಲ್ಲಿ ಕೊಟ್ಟ ಬಜ್ಜಿಯನ್ನು ಮುಟ್ಟದೆ ಮನೆಗೆ ಬಂದೆ.

ಬಹುಮಾನದ ಬೆಳ್ಳಿಯ ಲೋಟ ತೋರಿಸಿದರೆ ಚೂಡಾ ಎರಡೂ ಕಣ್ಣಿಗೆ ಒತ್ತಿಕೊಂಡಳು. ಅವಳ ಕೈ ಇಷ್ಟು ಸಣ್ಣದಾದದ್ದು ಯಾವಾಗ?

೪ ಫೆಬ್ರವರಿ, ಭಾನುವಾರ

ಎಂಟು ಗ್ರಹ ಒಂದೇ ಮನೆಯಲ್ಲಿ ಸೇರಿ ಪ್ರಳಯವಾಗುತ್ತದೆಂದು ಊರಿಗೆ ಊರೇ ಹೋಮ, ಭಜನೆಯಲ್ಲಿ ಮುಳುಗಿದೆ. ನಮ್ಮ ಆಫೀಸಿನ ಅರ್ಧ ಜನ ರಜೆ ಹಾಕಿದ್ದಾರೆ. ಓದಿದವರೂ ಹೀಗೆ! ಆಕಾಶದ ಗ್ರಹ ನೋಡಿ ಅಡುಗೆಮನೆಯಲ್ಲಿ ಮೂಟೆ ಕಟ್ಟುವವರ ಬುದ್ಧಿಗೆ ಏನು ಹೇಳಬೇಕು.

ಸಂಜೆ ಕೇಳಿದೆ. ಬಲಕ್ಕೆ. ಆಮೇಲೆ, ಸುಮ್ಮನೆ, ಏನೂ ಕೇಳದೆ ಹನ್ನೊಂದನ್ನು ನೋಡಿ ಒಂದು ಎಸೆದೆ. ಎಡಕ್ಕೆ ಬಿತ್ತು. ಆರನ್ನು ನೋಡಿ ಎಸೆದೆ. ಬಲಕ್ಕೆ. ಹನ್ನೊಂದು. ಆರು. ಹನ್ನೊಂದು. ಕಣ್ಣು ಮುಚ್ಚಿಕೊಂಡು ಎಸೆದೆ. ಆರಕ್ಕೇ ಹೋಯಿತು, ಮೊಣಕೈಗೆ ಆ ದಾರಿ ಬಾಯಿಪಾಠ. ಪ್ರಶ್ನೆ ಕೇಳಿ ಎಸೆಯುವುದು ಬೇರೆ, ಕೇಳದೆ ಎಸೆಯುವುದು ಬೇರೆ. ಎರಡನ್ನೂ ಬೆರೆಸಬಾರದು.

ಬರೆಯುವುದನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಮುನಿಲಕ್ಷ್ಮಮ್ಮ ಒಳಗಿನಿಂದ ಕೂಗುತ್ತಿದ್ದಾಳೆ.

೭ ಫೆಬ್ರವರಿ, ಬುಧವಾರ

ಅವತ್ತು ಚೂಡಾ ಬಚ್ಚಲಿನ ಬಾಗಿಲಲ್ಲಿ ಬಿದ್ದಿದ್ದಳು. ಕುಪ್ಪಸದ ಎಡಭಾಗವೆಲ್ಲ ರಕ್ತ, ಕೀವು. ಒಳಗೆ ಹಳೆಯ ಪಂಚೆಯ ಚೂರುಗಳನ್ನು ಮಡಿಸಿ ಇಟ್ಟುಕೊಂಡಿದ್ದಳು, ನನ್ನದೇ ಪಂಚೆ. ಗಂಟು ಒಡೆದು ಮೂರು ತಿಂಗಳಾಗಿದೆಯಂತೆ. ಊದಿನಕಡ್ಡಿ ಆ ವಾಸನೆಗೆ. "ನೋಡ್ತಾ ಇದ್ರಲ್ಲ ಸ್ವಾಮಿ, ಕಣ್ಣು ಏನಾಗಿತ್ತು?" ಎಂದು ಮುನಿಲಕ್ಷ್ಮಮ್ಮ ಕೇಳಿದಳು. ಟ್ಯಾಕ್ಸಿ ಕರೆಸಿದವಳೂ ಅವಳೇ.

ದೊಡ್ಡಾಸ್ಪತ್ರೆಯಲ್ಲಿ ಸರ್ಜನ್ನರು ನೋಡಿ, ಶಂಭುಲಿಂಗಪ್ಪನವರ ಹಳೆಯ ಚೀಟಿಯ ತಾರೀಖು ನೋಡಿ, ನನ್ನನ್ನು ನೋಡಿದರು. "ಹೋದ ಮಾರ್ಚಿಂದ ಏನ್ ಮಾಡ್ತಾ ಇದ್ರಿ?" ನಾನು ಚೀಟಿ ತೆಗೆದುಕೊಂಡು ಮಡಿಸತೊಡಗಿದೆ. "ಆಗ ಬಂದಿದ್ರೆ ನಾನು ಧೈರ್ಯವಾಗಿ ಕತ್ತಿ ಹಿಡೀತಿದ್ದೆ. ದಸರಾದಲ್ಲಿ ಬಂದಿದ್ರೂ ಪ್ರಯತ್ನ ಮಾಡಬಹುದಿತ್ತು. ಈಗ ಶ್ವಾಸಕೋಶಕ್ಕೆ ಹೋಗಿದೆ. ಮನೆಗೆ ಕರಕೊಂಡು ಹೋಗಿ, ನೋವಿಗೆ ಔಷಧಿ ಕೊಡ್ತೀನಿ."

ಕಾಗದಕ್ಕೆ ಕಾಯಲು ಬೆಂಚಿನ ಮೇಲೆ ಕೂತೆ. ಕಾಲ ಕೆಳಗೆ ಚೂಡಾಳ ಚಪ್ಪಲಿ ಇತ್ತು.

೧೮ ಫೆಬ್ರವರಿ

ರಜೆ ಹಾಕಿದ್ದೇನೆ. ಗಂಜಿ ಮಾಡಲು ಕಲಿತೆ. ಹಲಗೆಯನ್ನು ಯಾರೂ ನೆನೆಸುತ್ತಿಲ್ಲ, ಬಿರುಕು ಬಿಟ್ಟಿದೆ.

೧೧ ಮಾರ್ಚ್, ಭಾನುವಾರ

ಬೆಳಿಗ್ಗೆಯಿಂದ ಚೂಡಾಳಿಗೆ ಪ್ರಜ್ಞೆ ತಿಳಿಯಾಗಿದೆ. ದಿಂಬಿಗೆ ಒರಗಿಸಿದೆ, ಎರಡು ಚಮಚ ಗಂಜಿ ಕುಡಿದಳು. ತಲೆ ಬಾಚಲು ಹೇಳಿದಳು. ಕೂದಲು ಬಾಚುವುದು ನನಗೆ ಬರದು. ಸಿಕ್ಕು ಎಳೆದಾಗಲೂ ಅವಳು ನೋವೆನ್ನಲಿಲ್ಲ. ಎಷ್ಟೋ ದಿನಗಳ ಮೇಲೆ ಹೀಗೆ ಹತ್ತಿರ ಕೂತಿದ್ದೆ.

"ನಿಮಗೊಂದು ಹೇಳಬೇಕು, ಬೈಬಾರದು" ಎಂದಳು.

"ಬೈಯಲ್ಲ ಹೇಳು."

"ಗೌರಿಹಬ್ಬ ಆದ ಮೇಲೆ ಒಂದು ದಿನ, ನೀವು ಆಫೀಸಿಗೆ ಹೋಗಿದ್ರಿ. ನೋವು ತಡೀಲಿಲ್ಲ. ನಾನೇ ಒಂದು ಸಲ ಕೇಳಿಬಿಡೋಣ ಅಂತ, ಆ ಬಾಣ ತಗೊಂಡು ಎಸೆದೆ."

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ಅವಳು ಉಸಿರು ಕೂಡಿಸಿಕೊಂಡು ಮುಂದುವರಿದಳು. "ಎಡಕ್ಕೆ ಬಿತ್ತು. ಕೈ ನಡುಗಿತೇನೋ ಅಂತ ಇನ್ನೊಂದು ಎಸೆದೆ. ಅದೂ ಎಡಕ್ಕೇ."

"ಯಾಕೆ ಹೇಳಲಿಲ್ಲ, ಚೂಡಾ?"

"ಏನಂತ ಹೇಳಲಿ? ನೀವು ವಾರ ವಾರ ಕೇಳ್ತಿದ್ರಿ, ವಾರ ವಾರ ಬಲಕ್ಕೇ ಬೀಳ್ತಿತ್ತು. ನಿಮ್ಮದು ಪಳಗಿದ ಕೈ, ನನ್ನದು ಏನೂ ಅರಿಯದ ಕೈ. ಅದೂ ಅಲ್ದೆ ಯಜಮಾನರಿಗೆ ಒಂದು ಸಲ ಸಿಕ್ಕ ಹೂವಿನ ಪ್ರಸಾದದ ಮೇಲೆ ನಾನು ಕೇಳಿದ್ದೇ ತಪ್ಪು. ಎರಡನ್ನೂ ಕಿತ್ತು ಇದ್ದ ಕಡೇನೇ ಇಟ್ಟೆ."

ಹಿಂದಿನ ವರಾಂಡದಿಂದ ಬಿಸಿಲು ಒಳಗೆ ಬರುತ್ತಿತ್ತು. ಅವಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದಳು. ನಿದ್ದೆ ಬಂತೆಂದುಕೊಂಡೆ. ಆದರೆ ಮತ್ತೆ ಕಣ್ಣು ತೆರೆದು, ಮದುವೆಯಾದ ಹೊಸತರಲ್ಲಿ ನೋಡುತ್ತಿದ್ದ ಹಾಗೆ ನೇರವಾಗಿ ನನ್ನ ಮುಖ ನೋಡಿದಳು.

"ಒಂದೇ ಮಾತು ಕೇಳ್ತೀನಿ. ನೀವು ಬಲಕ್ಕೇ ಬೀಳಲಿ ಅಂತ ಗುರಿ ಇಟ್ಟು ಎಸೀತಿರ್ಲಿಲ್ಲ, ಅಲ್ವಾ?"

ನಾನು ಅವಳ ಕೈ ಹಿಡಿದುಕೊಂಡೆ. "ಇಲ್ಲ" ಎಂದೆ.

"ಹಾಗಾದ್ರೆ ದೇವರೇ ಹೇಳಿದ್ದು. ನಂದೇ ತಪ್ಪಿರಬೇಕು ಬಿಡಿ" ಎಂದಳು. ಮುಖ ಸಡಿಲಾಯಿತು. ಎಷ್ಟೋ ವಾರಗಳ ಮೇಲೆ ಔಷಧಿಯಿಲ್ಲದೆ ಅವಳಿಗೆ ನಿದ್ದೆ ಹತ್ತಿತು.